ಕ್ಲಾಸಿನಲ್ಲಿ ಕನ್ನಡ ಬೇಡ ಅಂದಿದ್ದೆ

ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಹತ್ತು ವರ್ಷ ಆಯ್ತು. ಅದರಲ್ಲಿ ಮೊದಲ ನಾಲ್ಕು ವರ್ಷ ಹೇಳಿಕೊಟ್ಟದ್ದರಲ್ಲಿ ಅರ್ಧ ತಪ್ಪು ಅಂತ ಈಗ ಗೊತ್ತಾಗಿದೆ. ಆಗ ಓದಿದವರ ಕ್ಷಮೆ ಕೇಳುವುದಕ್ಕೆ ಎಲ್ಲರ ನಂಬರ್ ಇಲ್ಲ. ಈಗ ಓದುತ್ತಿರುವವರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಮೇನ್ಸ್, ಅಂದರೆ ಮುಖ್ಯ ಪರೀಕ್ಷೆ, ಕನ್ನಡದಲ್ಲೇ ಬರೆಯಬಹುದು ಅನ್ನೋ ಧೈರ್ಯದಲ್ಲಿ ಬರುತ್ತಾರೆ. ಬರೆಯಬಹುದು, ನಿಜ. ಆದರೆ ಯುಪಿಎಸ್‌ಸಿ ಪ್ರಶ್ನೆ ಪತ್ರಿಕೆ ಅಚ್ಚಾಗುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಂದರೆ ಉತ್ತರ ಕನ್ನಡದಲ್ಲಿದ್ದರೂ ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಓದಬೇಕು. ಅದರ ಜೊತೆಗೆ ಇಂಗ್ಲಿಷ್ ಕೈಕೊಟ್ಟರೆ ಮುಳುಗುವ ಜಾಗ ಎರಡಿವೆ. ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಸಿಸ್ಯಾಟ್ ಅನ್ನೋ ಎರಡನೇ ಪತ್ರಿಕೆ (ಗಣಿತ, ತರ್ಕದ ಜೊತೆಗೆ ಪ್ಯಾಸೇಜು ಓದಿ ಉತ್ತರಿಸುವುದೂ ಇದರಲ್ಲಿದೆ), ಮೇನ್ಸ್‌ನಲ್ಲಿ ಕಡ್ಡಾಯ ಇಂಗ್ಲಿಷ್ ಪತ್ರಿಕೆ. ಎರಡೂ ಪಾಸಾದರೆ ಸಾಕು, ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಈ 'ಪಾಸಾದರೆ ಸಾಕು' ಅನ್ನೋ ಮಾತೇ ಜನರನ್ನು ಹಾಳು ಮಾಡಿರುವುದು. ಸಿಸ್ಯಾಟ್ 2011ರಲ್ಲಿ ಬಂತು, 2014ರಲ್ಲಿ ಅದರ ವಿರುದ್ಧ ದೊಡ್ಡ ಗಲಾಟೆ ಆಯ್ತು, 2015ರಿಂದ ಶೇ. 33 ಬಂದರೆ ಸಾಕು ಅಂತಾಯ್ತು. ಅಲ್ಲಿಂದ ಎಲ್ಲರೂ ಅದನ್ನು ಕೊನೆಯ ಹದಿನೈದು ದಿನಕ್ಕೆ ಎತ್ತಿಡುತ್ತಾರೆ. ಸಿಸ್ಯಾಟ್‌ನಲ್ಲಿ ಬಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ತೆಗೆದಿದ್ದರೂ ಲೆಕ್ಕಕ್ಕಿಲ್ಲ ಅನ್ನುವುದು ಫಲಿತಾಂಶದ ದಿನ ನೆನಪಾಗುತ್ತದೆ.

ನಾನು ಆಗ ಪಾಠ ಮಾಡುತ್ತಿದ್ದ ಕೋಚಿಂಗ್ ಸೆಂಟರಿನಲ್ಲಿ ಒಂದು ಬೋರ್ಡ್ ಇತ್ತು. ಇಂಗ್ಲಿಷ್ ಕ್ಲಾಸಿನಲ್ಲಿ ಇಂಗ್ಲಿಷ್ ಮಾತ್ರ ಅಂತ. ಆಡಳಿತದವರು ಹಾಕಿದ್ದು, ನನಗೂ ಸರಿ ಅನ್ನಿಸಿತ್ತು. ಒಳಗೆ ಬಂದ ಮೇಲೆ ಕನ್ನಡ ಮಾತಾಡಿದವರನ್ನು ನಾನೇ ತಡೆಯುತ್ತಿದ್ದೆ. ಕ್ಲಾಸು ಬಹಳ ಶಾಂತವಾಗಿರುತ್ತಿತ್ತು. 'ಅರ್ಥ ಆಯ್ತಾ' ಅಂದರೆ ನಲವತ್ತು ತಲೆ ಒಟ್ಟಿಗೆ ಆಡುತ್ತಿದ್ದವು. ಮಾಕ್ ಟೆಸ್ಟ್‌ನಲ್ಲಿ ಮಾತ್ರ ಅರ್ಧಕ್ಕರ್ಧ ತಪ್ಪು. ಯಾಕೆ ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಪದ ಸಂಪತ್ತು ಕಡಿಮೆ ಅಂತ ತೀರ್ಮಾನ ಮಾಡಿ ಇನ್ನೊಂದು ಪದಗಳ ಪಟ್ಟಿ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ.

ಒಂದು ದಿನ ಕ್ಲಾಸು ಮುಗಿದ ಮೇಲೆ ಒಬ್ಬ ಹುಡುಗಿ ಪೇಪರ್ ಹಿಡಿದುಕೊಂಡು ಬಂದಳು. ಒಂದು ರೈತರ ಯೋಜನೆಯ ಬಗ್ಗೆ ನಾನೇ ಬರೆದ ಪ್ಯಾಸೇಜು. 'ಸರ್, ಇದಕ್ಕೆ ಉತ್ತರ ಹೇಗೆ ಸಿ ಆಗುತ್ತೆ?' ಅಂದಳು. ಇಂಗ್ಲಿಷಿನಲ್ಲಿ ಎರಡು ಸಲ ವಿವರಿಸಿದೆ. ತಲೆ ಆಡಿಸಿದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಹೊರಡುವ ಹೊತ್ತಾಗಿತ್ತು. 'ಸರಿಯಮ್ಮಾ, ಈ ಪ್ಯಾಸೇಜು ಏನು ಹೇಳುತ್ತೆ, ಕನ್ನಡದಲ್ಲೇ ಹೇಳು' ಅಂದೆ.

'ಯೋಜನೆ ಸೋಲಲಿಲ್ಲ ಸರ್, ಯಾಕಂದ್ರೆ ದುಡ್ಡು ಕಡಿಮೆ ಇತ್ತು.'

ನಾನು ಪೇಪರ್ ಇಸ್ಕೊಂಡು ಮತ್ತೆ ನೋಡಿದೆ. ವಾಕ್ಯ ಹೀಗಿತ್ತು: 'ದಿ ಸ್ಕೀಮ್ ಡಿಡ್ ನಾಟ್ ಫೇಲ್ ಬಿಕಾಸ್ ಮನಿ ವಾಸ್ ಶಾರ್ಟ್. ವಾಟ್ ವಾಸ್ ಮಿಸ್ಸಿಂಗ್ ವಾಸ್ ಟ್ರಸ್ಟ್.' ಅವಳಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಒಂದೊಂದು ಪದವನ್ನೂ ಸರಿಯಾಗಿಯೇ ಕನ್ನಡಕ್ಕೆ ತಂದಿದ್ದಳು. ಆದರೆ ಒಟ್ಟು ವಾಕ್ಯ ತಲೆಕೆಳಗಾಗಿತ್ತು. 'ಯೋಜನೆ ಸೋತದ್ದು ದುಡ್ಡಿಲ್ಲದೆ ಅಲ್ಲ, ನಂಬಿಕೆ ಇಲ್ಲದೆ' ಅಂತ ಹೇಳಿದೆ. ಅವಳು ಒಂದು ನಿಮಿಷ ಪೇಪರ್ ನೋಡಿದಳು. 'ಓ, ನಾಟ್ ಅನ್ನೋದು ಫೇಲ್‌ಗೆ ಸೇರಿದ್ದಲ್ಲ, ಬಿಕಾಸ್‌ಗೆ ಸೇರಿದ್ದು!' ಅಂದಳು. ಆ ಮಾತನ್ನು ನಾನು ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅವಳೇ ಕಂಡುಕೊಂಡಿದ್ದು.

ಮನೆಗೆ ಹೋಗುವಾಗ ತಲೆಯಲ್ಲಿ ಅದೇ ಓಡುತ್ತಿತ್ತು. ಇಷ್ಟು ದಿನ ಎಷ್ಟು ಜನ ಇದೇ ಥರ ತಿಳಿದುಕೊಂಡು ತಲೆ ಆಡಿಸಿರಬೇಕು?

ಬೋರ್ಡ್ ಗೋಡೆಯ ಮೇಲೇ ಇತ್ತು, ಮಾರನೇ ದಿನದಿಂದ ನಾನು ಅದನ್ನು ನೋಡುವುದು ಬಿಟ್ಟೆ. ಪ್ರತಿ ಪ್ಯಾಸೇಜು ಓದಿದ ಮೇಲೆ ಪೇಪರ್ ಮುಚ್ಚಿಸುತ್ತೇನೆ. ಒಬ್ಬರು ಎದ್ದು ಅದರ ಸಾರಾಂಶವನ್ನು ಒಂದೇ ವಾಕ್ಯದಲ್ಲಿ, ಕನ್ನಡದಲ್ಲಿ ಹೇಳಬೇಕು. ಅಜ್ಜಿಗೆ ಹೇಳಿದ ಹಾಗೆ ಹೇಳಿ ಅನ್ನುತ್ತೇನೆ. ಪುಸ್ತಕದ ಕನ್ನಡದಲ್ಲಿ ಹೇಳಲು ಬಿಟ್ಟರೆ 'ಸುಸ್ಥಿರ ಅಭಿವೃದ್ಧಿಯ ಅನುಷ್ಠಾನ' ಅಂತ ಏನೋ ಹೇಳಿ ಪಾರಾಗುತ್ತಾರೆ. ಅದು ತಲೆ ಆಡಿಸುವುದರ ಇನ್ನೊಂದು ರೂಪ ಅಷ್ಟೇ.

ಹೀಗೆ ಹೇಳಿಸಿದಾಗ ಗೊತ್ತಾಗಿದ್ದು ಏನಂದರೆ, ಮುಳುಗಿಸುವುದು ದೊಡ್ಡ ಪದಗಳಲ್ಲ. ದೊಡ್ಡ ಪದ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಾದರೂ ಗೊತ್ತಿರುತ್ತದೆ, ಅಲ್ವಾ? ಚಿಕ್ಕ ಪದಗಳು ಗೊತ್ತು ಅನ್ನಿಸಿ ಮೋಸ ಮಾಡುತ್ತವೆ. 'ಆಲ್ ಬಟ್ ಡೆಡ್' ಅಂದರೆ ಹೆಚ್ಚುಕಡಿಮೆ ಸತ್ತ ಹಾಗೆ. 'ಎನಿಥಿಂಗ್ ಬಟ್ ಡೆಡ್' ಅಂದರೆ ಖಂಡಿತ ಸತ್ತಿಲ್ಲ. ಎರಡರಲ್ಲೂ ಇರುವುದು ಅದೇ 'ಬಟ್'. 'ಫ್ಯೂ' ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, 'ಎ ಫ್ಯೂ' ಅಂದರೆ ಒಂದಷ್ಟು. 'ಫಾರ್ ಫ್ರಮ್ ಹೆಲ್ಪಿಂಗ್' ಅನ್ನೋದನ್ನು ಒಬ್ಬ 'ಸಹಾಯದಿಂದ ದೂರ ಇದ್ದು' ಅಂದ. ಪಕ್ಕದವನು ಸುಮ್ನೆ ಇರಲಾರದೆ 'ಸಹಾಯ ಆಗೋದಿರಲಿ, ಇದ್ದದ್ದೂ ಹಾಳಾಯ್ತು ಅಂತ ಕಣೋ' ಅಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಮ್ಮ 'ಇರಲಿ' ಎಷ್ಟು ಕೆಲಸ ಮಾಡುತ್ತೆ ನೋಡಿ.

ಇನ್ನೊಂದು ದೊಡ್ಡ ಎಡವಟ್ಟು 'ಹೂ' ಮತ್ತು 'ವಿಚ್'. 'ದಿ ಫಾರ್ಮರ್ಸ್ ಹೂ ಸೋಲ್ಡ್ ದೇರ್ ಲ್ಯಾಂಡ್ ರಿಫ್ಯೂಸ್ಡ್ ದಿ ಜಾಬ್ಸ್.' ಇದನ್ನು ಓದಿ 'ರೈತರು ಭೂಮಿ ಮಾರಿದರು, ಕೆಲಸ ಬೇಡ ಅಂದರು' ಅನ್ನುತ್ತಾರೆ. ಹಾಗಲ್ಲ, 'ಭೂಮಿ ಮಾರಿದ ರೈತರು ಕೆಲಸ ಬೇಡ ಅಂದರು'. ಮಾರದೆ ಇದ್ದವರ ಸುದ್ದಿ ಇಲ್ಲಿಲ್ಲ. ಆದರೆ ಆಯ್ಕೆಗಳಲ್ಲಿ 'ಆ ಭಾಗದ ರೈತರೆಲ್ಲ ಭೂಮಿ ಮಾರಿದ್ದಾರೆ' ಅಂತ ಒಂದು ಇದ್ದೇ ಇರುತ್ತದೆ, ಅದಕ್ಕೆ ಟಿಕ್ ಬೀಳುತ್ತದೆ. ಕನ್ನಡದಲ್ಲಿ ಈ ವಿವರಣೆ ಹೆಸರಿನ ಮುಂಚೆ ಬರುತ್ತದೆ: ಮಾರಿದ ರೈತರು, ಬಂದ ಹುಡುಗ, ಬಿದ್ದ ಮರ. ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ನೇತಾಡುತ್ತದೆ. ಅದಕ್ಕೇ 'ಹೂ' ಕಂಡ ತಕ್ಷಣ ಅಲ್ಲಿಂದ ಮುಂದಿನ ತುಂಡನ್ನು ಎತ್ತಿ ಹೆಸರಿಗಿಂತ ಮೊದಲು ತಂದಿಡಿ ಅಂತ ಹೇಳಿಕೊಡುತ್ತೇನೆ. ಮೊದಮೊದಲು ಪೆನ್ಸಿಲಿನಲ್ಲಿ ಬಾಣ ಹಾಕಿಕೊಳ್ಳುತ್ತಾರೆ. ಒಂದು ತಿಂಗಳಾದರೆ ಬಾಣ ಬೇಕಾಗುವುದಿಲ್ಲ.

ಈಗ ನನ್ನ ನಿಜವಾದ ತಪ್ಪಿನ ವಿಷಯ. ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, 200 ಅಂಕ, ಎರಡು ಗಂಟೆ. ಒಂದೊಂದಕ್ಕೆ ಎರಡೂವರೆ ಅಂಕ. ತಪ್ಪಾದರೆ ಅದರ ಮೂರನೇ ಒಂದು ಭಾಗ ಕಳೆಯುತ್ತಾರೆ. ಪಾಸಾಗಲು 66 ಬೇಕು. ಎಲ್ಲ ಕೋಚಿಂಗ್‌ನಲ್ಲೂ ಹೇಳುವ ಒಂದು ಟ್ರಿಕ್ ಇದೆ: 'ಓನ್ಲಿ', 'ಆಲ್ವೇಸ್', 'ನೆವರ್' ಇರುವ ಆಯ್ಕೆ ಕಂಡರೆ ಕಣ್ಣು ಮುಚ್ಚಿ ಹೊಡೆದು ಹಾಕಿ. ನಾನೂ ಹೇಳುತ್ತಿದ್ದೆ. ಕ್ಲಾಸಿನಲ್ಲಿ ಇಂಥವಕ್ಕೆ ಚಪ್ಪಾಳೆ ಜಾಸ್ತಿ.

ಒಬ್ಬ ಹುಡುಗ ಪ್ರಿಲಿಮ್ಸ್ ಮುಗಿಸಿ ಪ್ರಶ್ನೆ ಪತ್ರಿಕೆ ತಂದಿದ್ದ. ಕೀ ಉತ್ತರ ಹಿಡಿದು ಲೆಕ್ಕ ಹಾಕಿದ್ದ. 29 ಸರಿ, 8 ತಪ್ಪು. 72.5ರಲ್ಲಿ 6.67 ಕಳೆದರೆ 65.83. ಹದಿನೇಳು ಪೈಸೆಯಷ್ಟು ಕಡಿಮೆ! ಒಂದು ತಪ್ಪು ಕಡಿಮೆ ಮಾಡಿದ್ದರೆ, ಅಂದರೆ ಆ ಪ್ರಶ್ನೆ ಬರೀ ಖಾಲಿ ಬಿಟ್ಟಿದ್ದರೂ 66.67 ಆಗಿ ದಾಟುತ್ತಿದ್ದ. ಆ ಎಂಟರಲ್ಲಿ ಒಂದು ಪ್ರಶ್ನೆಗೆ ಬೆರಳು ಇಟ್ಟು ತೋರಿಸಿದ. 'ಇದರಲ್ಲಿ ಮೊದಲು ಸರಿಯಾದ್ದೇ ಅನ್ನಿಸಿತ್ತು ಸರ್. ಓನ್ಲಿ ಇತ್ತಲ್ಲ, ನೀವು ಹೇಳಿದ ಹಾಗೇ ಹೊಡೆದು ಹಾಕಿದೆ.' ಬೈಯುವ ದನಿಯಲ್ಲಿ ಹೇಳಿರಲಿಲ್ಲ. ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು.

ಪ್ಯಾಸೇಜಿನಲ್ಲೇ 'ಓನ್ಲಿ' ಇದ್ದರೆ ಉತ್ತರದಲ್ಲೂ ಇರಬಹುದು, ಇಷ್ಟು ಸರಳ. ಈಗ ಕ್ಲಾಸಿನಲ್ಲಿ ಒಂದು ಚಿಕ್ಕ ಪ್ಯಾಸೇಜು ಕೊಡುತ್ತೇನೆ: ಊರಿನವರಿಗೆ ಹಕ್ಕು ಕೊಟ್ಟ ಕಡೆ ಮಾತ್ರ ಕಾಡು ಉಳಿಯಿತು ಅಂತ. ಆಯ್ಕೆಗಳಲ್ಲಿ ಒಂದು, ಹಕ್ಕು ಇಲ್ಲದ ಕಡೆ ಕಾಡು ಉಳಿಯಲಿಲ್ಲ ಅಂತ. ಇನ್ನೊಂದು, ಕಾಡು ಉಳಿಸುವುದು ಎಲ್ಲರ ಕರ್ತವ್ಯ ಅಂತ. ಪ್ರತಿ ಬ್ಯಾಚಿನಲ್ಲೂ ಎರಡನೆಯದಕ್ಕೆ ಕೈ ಎತ್ತುವವರು ಇರುತ್ತಾರೆ. ಅದು ಒಳ್ಳೆಯ ಮಾತು, ಆದರೆ ಪ್ಯಾಸೇಜು ಹೇಳದ ಮಾತು. ಸಾಮಾನ್ಯ ಅಧ್ಯಯನ ಚೆನ್ನಾಗಿ ಓದಿದವರೇ ಇಲ್ಲಿ ಜಾಸ್ತಿ ಬೀಳುತ್ತಾರೆ. ತಮಗೆ ಗೊತ್ತಿರುವುದನ್ನೆಲ್ಲ ಪ್ಯಾಸೇಜಿನ ಬಾಯಿಗೆ ತುರುಕುತ್ತಾರೆ. ಉತ್ತರ ಪ್ಯಾಸೇಜಿನ ಆಧಾರದ ಮೇಲೆ ಮಾತ್ರ ಇರಬೇಕು ಅಂತ ಪ್ರಶ್ನೆ ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಯಾರೂ ಓದಲ್ಲ.

'ಅಸಂಪ್ಷನ್' (ವಾದ ಹೇಳದೆಯೇ ನಂಬಿಕೊಂಡಿರುವ ಮಾತು) ಕೇಳುವ ಪ್ರಶ್ನೆಗೆ ಮಾತ್ರ ಪ್ಯಾಸೇಜು ಬಾಯಿಬಿಟ್ಟು ಹೇಳದ್ದನ್ನು ಹುಡುಕಬೇಕು. ಅಲ್ಲೊಂದು ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಆ ಆಯ್ಕೆಯನ್ನು ಉಲ್ಟಾ ಮಾಡಿ ನೋಡಿ. 'ಕಾಡು ಉಳಿಸಲು ಊರಿನವರಿಗೆ ಹಕ್ಕು ಕೊಡಿ' ಅನ್ನೋದು ವಾದ ಇರಲಿ. 'ಕಾಡನ್ನು ಹಾಳು ಮಾಡದೆ ಬಳಸುವುದು ಊರಿನವರಿಗೆ ಗೊತ್ತು' ಅನ್ನೋದು ಆಯ್ಕೆ. ಗೊತ್ತಿಲ್ಲ ಅಂತ ಉಲ್ಟಾ ಮಾಡಿದರೆ ವಾದವೇ ಕುಸಿಯುತ್ತದೆ. ಹಾಗಾದರೆ ಅದು ಅಸಂಪ್ಷನ್. ಉಲ್ಟಾ ಮಾಡಿದರೂ ವಾದ ನಿಂತೇ ಇದ್ದರೆ ಅದು ಬೇರೇನೋ.

ಪದಗಳ ವಿಷಯಕ್ಕೆ ಬರುತ್ತೇನೆ. ಸಿಸ್ಯಾಟ್‌ನಲ್ಲಿ ಈ ಪದಕ್ಕೆ ಅರ್ಥ ಏನು ಅಂತ ನೇರವಾಗಿ ಕೇಳುವುದಿಲ್ಲ. ಮೇನ್ಸ್‌ನ ಇಂಗ್ಲಿಷ್ ಪತ್ರಿಕೆಯಲ್ಲಿ ಕೇಳುತ್ತಾರೆ. ಅದು 300 ಅಂಕದ್ದು, 75 ಬಂದರೆ ಪಾಸು. ಪ್ರಬಂಧಕ್ಕೆ 100, ಪ್ಯಾಸೇಜಿಗೆ 75, ಸಂಕ್ಷೇಪಕ್ಕೆ 75, ವ್ಯಾಕರಣ ಮತ್ತು ಪದಗಳಿಗೆ 50. ಇದರಲ್ಲಿ ಫೇಲಾದರೆ ರ‍್ಯಾಂಕಿಗೆ ಸೇರುವ ಪ್ರಬಂಧ ಪತ್ರಿಕೆ, ಸಾಮಾನ್ಯ ಅಧ್ಯಯನದ ಪತ್ರಿಕೆಗಳ ಅಂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲೂ ಕಡ್ಡಾಯ ಇಂಗ್ಲಿಷ್ ಇದೆ.

ಅಲ್ಲಿ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ಒಂದಷ್ಟು ಪದ ಕೊಡುತ್ತಾರೆ, ಅರ್ಥ ಸ್ಪಷ್ಟವಾಗುವ ಹಾಗೆ ವಾಕ್ಯ ಮಾಡಬೇಕು, ಪದದ ರೂಪ ಬದಲಿಸಬಾರದು, ಗೊಂದಲದ ವಾಕ್ಯಕ್ಕೆ ಅಂಕ ಇಲ್ಲ. ನನ್ನ ಪಟ್ಟಿಯಲ್ಲಿ 'ಮಿಟಿಗೇಟ್, ಕಡಿಮೆ ಮಾಡು' ಅಂತಿತ್ತು. ಅದನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದ ಒಬ್ಬ ಬರೆದ: 'ಐ ಮಿಟಿಗೇಟೆಡ್ ದಿ ಸ್ಪೀಡ್ ಆಫ್ ಮೈ ಬೈಕ್.' ಬೈಕಿನ ಸ್ಪೀಡು ಕಡಿಮೆ ಮಾಡಿದನಂತೆ! ರೂಪ ಬದಲಾಯಿಸಿದ್ದು ಒಂದು ತಪ್ಪು. ಸ್ಪೀಡಿಗೆ ಆ ಪದ ಹೊಂದುವುದಿಲ್ಲ ಅನ್ನೋದು ಇನ್ನೊಂದು. ಕಷ್ಟ, ಹಾನಿ, ಅಪಾಯ, ಬರದ ಪರಿಣಾಮ, ಇಂಥವನ್ನು ಮಿಟಿಗೇಟ್ ಮಾಡಬಹುದು. ಆದರೆ ಆ ಹುಡುಗನ ತಪ್ಪೇನು? ಪಟ್ಟಿ ಮಾಡಿದವನು ನಾನು.

ಪಟ್ಟಿಯನ್ನು ಅವತ್ತೇ ಬಿಟ್ಟೆ. ಈಗ ಪದ ಸಿಕ್ಕಿದ ವಾಕ್ಯವನ್ನೇ ನೋಟ್‌ಬುಕ್ಕಿನಲ್ಲಿ ಬರೆಯಿಸುತ್ತೇನೆ. ಅದರ ಕೆಳಗೆ ಆ ಪದ ಯಾರ ಜೊತೆ ಓಡಾಡುತ್ತದೆ ಅಂತ ಎರಡು ಮೂರು ಜೋಡಿ. ದಿನಕ್ಕೆ ಐದು ಪದ ಸಾಕು. ಐವತ್ತು ಬರೆಯುತ್ತೇನೆ ಅನ್ನುವವರು ಎರಡನೇ ವಾರದಲ್ಲಿ ನೋಟ್‌ಬುಕ್ ಕಳೆದುಕೊಂಡಿರುತ್ತಾರೆ.

ನಾವು ಕನ್ನಡದಲ್ಲೇ ಬಳಸುವ ಇಂಗ್ಲಿಷ್ ಪದಗಳಿಗೆ ನೋಟ್‌ಬುಕ್ಕಿನ ಹಿಂದಿನ ಪುಟ ಬೇರೆ. 'ಸಾಲ ಸ್ಯಾಂಕ್ಷನ್ ಆಯ್ತು' ಅಂತೀವಿ, ಸ್ಯಾಂಕ್ಷನ್ ಅಂದರೆ ಮಂಜೂರಾತಿ. ಪ್ಯಾಸೇಜಿನಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ಸ್ ಹಾಕಿದರು ಅಂತ ಬಂದರೆ ಅದು ನಿರ್ಬಂಧ, ಪೂರ್ತಿ ಉಲ್ಟಾ. ಅಂಗಡಿಯಲ್ಲಿ ಡಿಸ್ಕೌಂಟ್ ಅಂದರೆ ರಿಯಾಯಿತಿ. ಒಂದು ಸಾಧ್ಯತೆಯನ್ನು ಡಿಸ್ಕೌಂಟ್ ಮಾಡಿದರು ಅಂದರೆ ಅದನ್ನು ಲೆಕ್ಕಕ್ಕೆ ಇಡಲಿಲ್ಲ ಅಂತ. 'ಕ್ವಾಲಿಫೈಡ್ ಸಪೋರ್ಟ್' ಅಂದರೆ ಅರ್ಹತೆ ಇರುವ ಬೆಂಬಲ ಅಲ್ಲ, ಷರತ್ತು ಹಾಕಿ ಕೊಟ್ಟ, ಪೂರ್ತಿಯಲ್ಲದ ಬೆಂಬಲ. ಈ ಹಿಂದಿನ ಪುಟ ತುಂಬಿದಷ್ಟು ಬೇಗ ನೋಟ್‌ಬುಕ್ಕಿನ ಮುಂಭಾಗ ತುಂಬುವುದಿಲ್ಲ. ಹುಡುಗರೇ ದಿನಾ ಒಂದು ಹುಡುಕಿಕೊಂಡು ಬರುತ್ತಾರೆ.

ಸಂಕ್ಷೇಪ ಬರೆಯುವುದಕ್ಕೆ ನಾನು ಬೇರೆ ಪಾಠ ಮಾಡುವುದನ್ನೇ ನಿಲ್ಲಿಸಿದ್ದೇನೆ. ಪ್ಯಾಸೇಜನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಸ್ವಂತ ಮಾತಿನಲ್ಲಿ ಬರೆಯಬೇಕು, ಶೀರ್ಷಿಕೆ ಕೊಡಬಾರದು. ಹಳೆಯ ಅಭ್ಯಾಸದಲ್ಲಿ ಶೀರ್ಷಿಕೆ ಕೊಟ್ಟೇ ಕೊಡುತ್ತಾರೆ, ಅದು ಬೇರೆ ಮಾತು. ಪೇಪರ್ ಮುಚ್ಚಿ ಕನ್ನಡದಲ್ಲಿ ಹೇಳುವುದು ಅಭ್ಯಾಸ ಆದವರಿಗೆ ಸ್ವಂತ ಮಾತು ಆಗಲೇ ಸಿಕ್ಕಿರುತ್ತದೆ. ಅದನ್ನು ಇಂಗ್ಲಿಷಿಗೆ ಇಳಿಸಿದರೆ ಆಯ್ತು. ವಾಕ್ಯ ಚಿಕ್ಕದಾಗಿರುತ್ತದೆ, ಸೊಗಸಾಗಿರುವುದಿಲ್ಲ. 300ಕ್ಕೆ 75 ಬೇಕಾದವರಿಗೆ ಸೊಗಸು ಯಾಕೆ?

ಆ 65.83ರ ಹುಡುಗ ಮುಂದಿನ ವರ್ಷ ಮತ್ತೆ ಕ್ಲಾಸಿಗೆ ಬಂದ. ಮೊದಲ ದಿನ ಹೊಸಬರ ಮುಂದೆ ಓನ್ಲಿಯ ಟ್ರಿಕ್ ಬಗ್ಗೆ ನಾನು ಏನು ಹೇಳುತ್ತೇನೆ ಅಂತ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತು ಕೇಳುತ್ತಿದ್ದ. ನಾನು ಅವನನ್ನೇ ಎಬ್ಬಿಸಿ, 'ನೀನೇ ಹೇಳಪ್ಪಾ, ಕನ್ನಡದಲ್ಲೇ' ಅಂದೆ.