ಜೆಫ್ರಿ ಹೌ ದನಿ ಏರಿಸಲಿಲ್ಲ

ಸಹಕಾರ ಸಂಘವೊಂದರಲ್ಲಿ ವರ್ಷಗಟ್ಟಲೆ ಸಭೆಯ ನಡಾವಳಿ ಬರೆದವನು ನಾನು. ಮೇಜು ಕುಟ್ಟಿ ಕೂಗಾಡಿದವರನ್ನು ಎರಡು ಸಾಲಿನಲ್ಲಿ ಮುಗಿಸಬಹುದು. ಮೆಲುದನಿಯಲ್ಲಿ ಅಳೆದು ತೂಗಿ ಮಾತನಾಡುವವರದೇ ತಾಪತ್ರಯ, ಒಂದು ಪದವನ್ನೂ ಬಿಡುವಂತಿಲ್ಲ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಜೆಫ್ರಿ ಹೌ ಅಂಥವರು.

1926ರಲ್ಲಿ ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವಕೀಲರು. ಅವರ ಟೀಕೆಗೆ ಗುರಿಯಾಗುವುದೆಂದರೆ ಸತ್ತ ಕುರಿ ಮೇಲೆರಗಿದಂತೆ ಎಂದು ಲೇಬರ್ ಪಕ್ಷದ ಡೆನಿಸ್ ಹೀಲಿ 1978ರಲ್ಲಿ ಗೇಲಿ ಮಾಡಿದ್ದರು. ಮರುವರ್ಷ ಕನ್ಸರ್ವೇಟಿವ್ ನಾಯಕಿ ಮಾರ್ಗರೆಟ್ ಥ್ಯಾಚರ್ ಗೆದ್ದು ಪ್ರಧಾನಿಯಾದಾಗ ಹಣಕಾಸು ಖಾತೆ ಈ 'ಕುರಿ'ಯ ಪಾಲಾಯಿತು. ಆದಾಯ ತೆರಿಗೆಯ ಗರಿಷ್ಠ ದರ ಶೇ 83ರಿಂದ 60ಕ್ಕೆ ಇಳಿಯಿತು, ವ್ಯಾಟ್ ಶೇ 15ಕ್ಕೆ ಏರಿತು. ಆರ್ಥಿಕ ಹಿಂಜರಿತದ ನಡುವೆಯೇ 1981ರ ಬಜೆಟ್ಟಿನಲ್ಲಿ ತೆರಿಗೆ ಹೆಚ್ಚಿಸಿದರು. 364 ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಪತ್ರಿಕೆಯಲ್ಲಿ ಪ್ರತಿಭಟಿಸಿದರೂ ಅವರು ಅಲುಗಲಿಲ್ಲ. ಥ್ಯಾಚರ್ ಹೆಸರಿನಲ್ಲಿ ಜಗತ್ತು ನೆನೆಯುವ ನೀತಿಗಳಲ್ಲಿ ಅರ್ಧದಷ್ಟಾದರೂ ಇವರ ಕೈಕೆಲಸ ಎಂಬುದು ನನ್ನ ಲೆಕ್ಕ.

ಮುಂದೆ ಆರು ವರ್ಷ ವಿದೇಶಾಂಗ ಸಚಿವರು. 1989ರಲ್ಲಿ ಥ್ಯಾಚರ್ ಅದನ್ನು ಕಿತ್ತುಕೊಂಡು, ಉಪಪ್ರಧಾನಿ ಎಂಬ ಹೆಚ್ಚೇನೂ ಅಧಿಕಾರವಿಲ್ಲದ ಪಟ್ಟ ಕೊಟ್ಟರು. ಆಗಲೇ ಹೊರನಡೆಯಬೇಕಿತ್ತು, ಅವರು ನುಂಗಿಕೊಂಡರು. ಸಹನೆ ಎನ್ನಿ, ಕುರ್ಚಿಯ ಆಸೆ ಎನ್ನಿ, ನನಗಂತೂ ಎರಡೂ ಕಾಣುತ್ತವೆ.

ಯುರೋಪಿನ ದೇಶಗಳೊಂದಿಗೆ ಇನ್ನಷ್ಟು ಬೆಸೆದುಕೊಳ್ಳುವ ವಿಷಯದಲ್ಲಿ ಥ್ಯಾಚರ್ ಸದನದಲ್ಲಿ "ನೋ, ನೋ, ನೋ" ಎಂದದ್ದು 1990ರ ಅಕ್ಟೋಬರ್ 30ರಂದು. ಅದನ್ನು ಒಪ್ಪದ ಹೌ ನವೆಂಬರ್ 1ಕ್ಕೆ ರಾಜೀನಾಮೆ ಕೊಟ್ಟರು. 13ರಂದು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತರು. ಕಲಾಪ ಟಿವಿಯಲ್ಲಿ ಬರತೊಡಗಿ ಒಂದು ವರ್ಷವಾಗಿತ್ತಷ್ಟೇ, ಹಾಗಾಗಿ ಅದನ್ನು ಇಂದಿಗೂ ನೋಡಬಹುದು. ದನಿಯಲ್ಲಿ ಏರಿಳಿತವಿಲ್ಲ, ಕೈ ಬೀಸುವುದಿಲ್ಲ. ಮಾತುಕತೆಗೆ ಹೋಗುವ ಸಚಿವರ ಪಾಡನ್ನು ಹೇಳುತ್ತಾ ಕ್ರಿಕೆಟ್ಟಿಗೆ ಬರುತ್ತಾರೆ: ಆರಂಭಿಕ ಆಟಗಾರರು ಕ್ರೀಸಿಗೆ ಹೋಗಿ ಮೊದಲ ಚೆಂಡುಗಳನ್ನು ಎದುರಿಸುವಾಗ ಗೊತ್ತಾಗುತ್ತದೆ, ತಮ್ಮ ಬ್ಯಾಟುಗಳನ್ನು ಪಂದ್ಯಕ್ಕೆ ಮುಂಚೆಯೇ ನಾಯಕರೇ ಮುರಿದಿದ್ದಾರೆ ಎಂದು. ಸದನ ನಕ್ಕಿತು. ಆದರೆ ಕೊನೆಯಲ್ಲಿ, ನಿಷ್ಠೆಗಳ ತಿಕ್ಕಾಟದಲ್ಲಿ ತಾನು ಬಹುಶಃ ತೀರಾ ದೀರ್ಘಕಾಲ ತೊಳಲಾಡಿದೆ, ಇನ್ನು ಉಳಿದವರು ಯೋಚಿಸಲಿ ಎಂದಾಗ ನಗುವಂಥದ್ದೇನೂ ಉಳಿದಿರಲಿಲ್ಲ.

ಮರುದಿನವೇ ಅದೇ ಪಕ್ಷದ ಮೈಕೆಲ್ ಹೆಸೆಲ್ಟೈನ್ ಥ್ಯಾಚರ್ ಅವರ ನಾಯಕತ್ವಕ್ಕೆ ಸವಾಲೊಡ್ಡಿದರು. 20ರ ಮತದಾನದಲ್ಲಿ ಥ್ಯಾಚರ್‌ಗೆ 204, ಹೆಸೆಲ್ಟೈನ್‌ಗೆ 152. ಮುಂದಿದ್ದರೂ, ಮೊದಲ ಸುತ್ತಿನಲ್ಲೇ ಗೆಲ್ಲಲು ಪಕ್ಷದ ನಿಯಮ ಕೇಳುವಷ್ಟು ಅಂತರಕ್ಕೆ ಥ್ಯಾಚರ್‌ಗೆ ಇನ್ನು ನಾಲ್ಕು ಮತ ಬೇಕಿತ್ತು. 22ಕ್ಕೆ ಥ್ಯಾಚರ್ ನಿರ್ಗಮನ ಘೋಷಿಸಿದರು.

ಆ ಭಾಷಣವನ್ನು ಹೆಂಡತಿ ಎಲ್ಸ್‌ಪೆತ್ ಬರೆದುಕೊಟ್ಟರೆಂಬ ಕುಹಕ ಲಂಡನ್ನಿನಲ್ಲಿ ಹಬ್ಬಿತ್ತಂತೆ. ನಾನು ನಂಬುವುದಿಲ್ಲ. ಒಂದರ ಬೆನ್ನಿಗೆ ಒಂದು ಉಪವಾಕ್ಯ ಜೋಡಿಸಿ ಕೊನೆಗೆ ಸದ್ದಿಲ್ಲದೆ ಕುಣಿಕೆ ಬಿಗಿಯುವ ಆ ಬಗೆ ಅಪ್ಪಟ ವಕೀಲನದು.