ಸಿ ಗುಂಪಿನ ಹುಡುಗ ಮತ್ತು ಕಾಪು ಲೈಟ್‌ಹೌಸ್

ಉಡುಪಿ ಹತ್ತಿರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. 2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಉಡುಪಿ ಜಿಲ್ಲೆ ಶೇ. 94 ಪಡೆದು ರಾಜ್ಯಕ್ಕೇ ಮೊದಲು. ದಕ್ಷಿಣ ಕನ್ನಡ ಎರಡನೆಯದು. ಟೀಚರ್‌ಗಳ ಗ್ರೂಪಿನಲ್ಲಿ ಇಡೀ ದಿನ ಅಭಿನಂದನೆಗಳು. ನಾನು ಮಾತ್ರ ನಮ್ಮ ಶಾಲೆಯ ಪಟ್ಟಿಯಲ್ಲಿ ಒಂದೇ ಹೆಸರು ನೋಡುತ್ತಾ ಕೂತಿದ್ದೆ. ಆ ಹುಡುಗ ಗಣಿತದಲ್ಲಿ ಫೇಲಾಗಿದ್ದ.

ಅವನು ನಮ್ಮ ಸಿ ಗುಂಪಿನವನು. ಹತ್ತನೇ ತರಗತಿಗೆ ಪಾಠ ಮಾಡುವವರಿಗೆ ಇದು ಗೊತ್ತಿರುತ್ತದೆ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಕೂಡಲೇ ಮಕ್ಕಳನ್ನು ಎ, ಬಿ, ಸಿ ಅಂತ ಮೂರು ಮಾಡುತ್ತೇವೆ. ಸಿ ಗುಂಪಿಗೆ ಪಾಸಿಂಗ್ ಪ್ಯಾಕೇಜ್. ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಗ ಅದರಲ್ಲಿ 28 ಬಂದರೆ ಪಾಸಾಗುತ್ತಿತ್ತು. ಹಾಗಾಗಿ ಖಂಡಿತ ಬರುವ ಪ್ರಶ್ನೆಗಳನ್ನು ಆರಿಸಿ ಅದನ್ನೇ ತಿರುಗಿ ತಿರುಗಿ ಬರೆಸುವುದು. ರೇಖಾತ್ಮಕ ಸಮೀಕರಣದ ನಕ್ಷೆ, ಸರಾಸರಿಯ ಕೋಷ್ಟಕ, ಥೇಲ್ಸ್ ಪ್ರಮೇಯ. ಉಳಿದ ಪಾಠ ಅವರ ಪಾಲಿಗೆ ಅಲ್ಲಿಗೆ ಮುಗಿಯಿತು. ಜನವರಿಯ ನಂತರ ಆ ಮಕ್ಕಳು ಹೊಸದಾಗಿ ಏನನ್ನೂ ಕಲಿಯುವುದಿಲ್ಲ. ಪಟ್ಟಿ ಮಾಡಿದ್ದು ನಾನೇ. ಪ್ಯಾಕೇಜ್ ಮಾಡಿದ್ದೂ ನಾನೇ.

ಫೆಬ್ರವರಿಯಲ್ಲಿ ಒಂದು ದಿನ ಆ ಹುಡುಗ ಪುಸ್ತಕ ಹಿಡಿದುಕೊಂಡು ಬಂದಿದ್ದ. ತ್ರಿಕೋನಮಿತಿಯ ಅನ್ವಯಗಳು ಪಾಠ. 75 ಮೀಟರ್ ಎತ್ತರದ ದೀಪಸ್ತಂಭ, ಅದರ ಮೇಲಿನಿಂದ ಒಂದರ ಹಿಂದೆ ಒಂದಾಗಿ ಎರಡು ಹಡಗುಗಳು ಕಾಣುತ್ತವೆ, ಅವನತ ಕೋನಗಳು (ಕೆಳಗೆ ನೋಡುವಾಗ ನೋಟ ಅಡ್ಡಗೆರೆಯಿಂದ ಬಾಗುವ ಕೋನ) 30 ಮತ್ತು 45 ಡಿಗ್ರಿ, ಹಡಗುಗಳ ನಡುವಿನ ದೂರ ಎಷ್ಟು ಅನ್ನುವ ಲೆಕ್ಕ.

"ಟೀಚರ್, ಇದು ಹೇಗೆ?"

"ಅದು ನಿನಗೆ ಬೇಡ, ಬಿಡು. ನಕ್ಷೆ ಪ್ರಾಕ್ಟೀಸ್ ಮಾಡು."

ಅವನು ತಲೆಯಾಡಿಸಿ ಹೋದ. ಈ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಆ ವರ್ಷದಿಂದ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು, ಫೇಲಾದವರು ಅದೇ ವರ್ಷ ಮತ್ತೆ ಬರೆಯಬಹುದಿತ್ತು. ಜೂನ್‌ನಲ್ಲಿ ಪರೀಕ್ಷೆ-2. ಅದಕ್ಕೆ ಮೇ ತಿಂಗಳಲ್ಲಿ ವಿಶೇಷ ತರಗತಿ. ನನ್ನ ಮುಂದೆ ಕೂತದ್ದು ನಾಲ್ಕೇ ಮಕ್ಕಳು. ನಲವತ್ತು ಜನರ ತರಗತಿಯಲ್ಲಿ ಕಾಣದ್ದು ನಾಲ್ಕು ಜನರಲ್ಲಿ ಕಾಣುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಕಪಾಟಿನಲ್ಲೇ ಇದ್ದವು. ತೆಗೆದು ಮತ್ತೆ ಓದಿದೆ, ಈ ಸಲ ಅಂಕ ಕೂಡಿಸದೆ. ಈ ಹುಡುಗ ಸಂಖ್ಯೆ ಕೊಟ್ಟ ಪ್ರಶ್ನೆಗಳನ್ನೆಲ್ಲ ಮುಟ್ಟಿದ್ದ. ವಾಕ್ಯದಲ್ಲಿ ಬಂದ ಲೆಕ್ಕಗಳನ್ನೆಲ್ಲ ಖಾಲಿ ಬಿಟ್ಟಿದ್ದ.

"ಇದನ್ನು ಯಾಕೆ ಬಿಟ್ಟದ್ದು ನೀನು?"

"ಟೀಚರ್, ಅವನತ ಕೋನ ಅಂದ್ರೆ ಎಂತ?"

ಅವನ ಮನೆಯಲ್ಲಿ ತುಳು. ಆಟದಲ್ಲೂ ತುಳು. ಪುಸ್ತಕದ ಕನ್ನಡ ಅವನಿಗೆ ಇನ್ನೊಂದು ಭಾಷೆಯ ಹಾಗೆ. ರಜೆಯಲ್ಲಿ ಅಪ್ಪನ ಜೊತೆ ಮಲ್ಪೆ ಬಂದರಿಗೆ ಹೋಗುತ್ತಾನೆ. ಮೀನಿನ ಏಲಂ ನಡೆಯುವಾಗ ಬಂಗುಡೆಯ ತೂಕ, ದರ, ಪಾಲು ಎಲ್ಲ ಬಾಯಿಲೆಕ್ಕ. ಅಂಥವನಿಗೆ ನಾನು ಹತ್ತು ತಿಂಗಳು ಲೆಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಅವನಿಗೆ ಬಾರದೇ ಇದ್ದದ್ದು ಹತ್ತಿಪ್ಪತ್ತು ಪದಗಳು. ಪರೀಕ್ಷೆ ಅದನ್ನು ನನಗೆ ತೋರಿಸಿತ್ತು. ನಾನು ಅಂಕ ನೋಡಿದೆ, ಪತ್ರಿಕೆ ನೋಡಲಿಲ್ಲ.

ಮೇ ಕೊನೆಯಲ್ಲಿ, ಮಳೆಗೆ ಮೊದಲು, ನಾಲ್ವರನ್ನೂ ಕಾಪು ಬೀಚಿಗೆ ಕರೆದುಕೊಂಡು ಹೋದೆ. ಅಲ್ಲಿನ ಲೈಟ್‌ಹೌಸ್ 1901ರದ್ದು, ಸುಮಾರು 27 ಮೀಟರ್ ಎತ್ತರ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ಸ್ಟ್ರಾ ಅಂಟಿಸಿ ಒಂದು ಅಳತೆಯ ಸಾಧನ ಮಾಡಿಕೊಂಡಿದ್ದೆವು. ಮರಳಿನ ಮೇಲೆ ಟೇಪು ಹಿಡಿದು ದೂರ ಅಳೆದರು. ಸ್ಟ್ರಾದೊಳಗೆ ಕಣ್ಣಿಟ್ಟು ಗೋಪುರದ ತುದಿ ನೋಡಿದರು. ಟ್ಯಾನ್ ಬೆಲೆ ಹಾಕಿ ಲೆಕ್ಕ ಮಾಡಿದರೆ ಉತ್ತರ 27ಕ್ಕಿಂತ ತುಂಬ ಜಾಸ್ತಿ ಬಂತು. ಒಬ್ಬಳು ತಪ್ಪಾಯಿತು ಅಂತ ಅಳಿಸಲು ಹೊರಟಳು.

"ಅಳಿಸ್ಬೇಡ," ಅಂದ ಇವನು. "ಟೀಚರ್, ಲೈಟ್‌ಹೌಸ್ ಬಂಡೆ ಮೇಲೆ ಉಂಟಲ್ವಾ? ಬಂಡೆಯ ಎತ್ತರವೂ ಸೇರಿದೆ."

ಅಲ್ಲೇ ಮರಳಿನಲ್ಲಿ ಪುಸ್ತಕದ ಹಡಗಿನ ಲೆಕ್ಕ ಬಿಡಿಸಿದ. ದೂರದ ದೋಣಿಗೆ ಕೋನ ಸಣ್ಣದು, ಹತ್ತಿರದ್ದಕ್ಕೆ ದೊಡ್ಡದು. ಅದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉತ್ತರ ಸುಮಾರು 55 ಮೀಟರ್. ಜೂನ್ ಪರೀಕ್ಷೆಯಲ್ಲಿ ಪಾಸಾದ. ಈಗ ಐಟಿಐಯಲ್ಲಿ ಓದುತ್ತಿದ್ದಾನೆ.

ಇದಾದ ಮೇಲೆ ಜಿಲ್ಲೆಯ ರ‍್ಯಾಂಕಿನ ಬಗ್ಗೆ ನನ್ನ ಲೆಕ್ಕವೂ ಬದಲಾಯಿತು. 2023ರಲ್ಲಿ ಚಿತ್ರದುರ್ಗ ಮೊದಲಿತ್ತು. ಆಗ ನಮ್ಮ ಜಿಲ್ಲೆ ಮೊದಲ ಹತ್ತರಲ್ಲೂ ಇರಲಿಲ್ಲ. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು, ನಾವು ಮೇಲೆ ಬಂದೆವು. ಆ ಎರಡೂ ವರ್ಷ ನಾನು ಕಲಿಸಿದ್ದು ಒಂದೇ ರೀತಿ. ನಮ್ಮ ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಅಷ್ಟು ಏರಿರಲು ಸಾಧ್ಯವಿಲ್ಲ. ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಇದನ್ನು ಹೇಳಿದ್ದರು: ಒಂದು ಅಂಕಿಯನ್ನು ಇಟ್ಟುಕೊಂಡು ದೊಡ್ಡ ತೀರ್ಮಾನಗಳನ್ನು ಮಾಡಿದಷ್ಟೂ ಆ ಅಂಕಿಯೂ ಕೆಡುತ್ತದೆ, ಅದು ಅಳೆಯಬೇಕಾದ ಕೆಲಸವೂ ಕೆಡುತ್ತದೆ. ನನ್ನ ಪಾಸಿಂಗ್ ಪ್ಯಾಕೇಜ್ ಅದೇ ಅಲ್ವಾ? 28 ಅಂಕ ಮುಟ್ಟಿಸಲು ಹೋಗಿ ಅರ್ಧ ಗಣಿತವನ್ನೇ ಅವನಿಂದ ಕಿತ್ತುಕೊಂಡಿದ್ದೆ.

ಸಾಮಾನ್ಯ ಪರೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಮೀನುಗಾರರ ಮನೆಯ ಮಗುವಿಗೂ ಡಾಕ್ಟರ ಮನೆಯ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಸಿಗುವುದು ಸಣ್ಣ ವಿಷಯವಲ್ಲ.

ನಾನು ಬದಲಾಯಿಸಿದ್ದು ಕಿರುಪರೀಕ್ಷೆಗಳನ್ನು. ಇಸ್ರೇಲಿನಲ್ಲಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದ್ದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯಿಂದ ಆ ಲಾಭ ಆಗಲಿಲ್ಲ. ಈಗ ಪ್ರತಿ ಶುಕ್ರವಾರ ಹತ್ತು ನಿಮಿಷದ ಪರೀಕ್ಷೆ ಕೊಡುತ್ತೇನೆ. ಪತ್ರಿಕೆಯ ಮೇಲೆ ಅಂಕ ಹಾಕುವುದಿಲ್ಲ. ಎಲ್ಲಿ ತಪ್ಪಿತು ಅಂತ ಒಂದು ಸಾಲು ಬರೆಯುತ್ತೇನೆ. ನಲವತ್ತು ಪತ್ರಿಕೆಗೆ ಹಾಗೆ ಬರೆಯಲು ಶನಿವಾರ ಮಧ್ಯಾಹ್ನವೆಲ್ಲ ಬೇಕು. ಮೊದಲ ತಿಂಗಳು ಒಬ್ಬ ತಾಯಿ ಗೇಟಿನ ಹತ್ತಿರ ನಿಲ್ಲಿಸಿ, "ಟೀಚರ್, ಮಾರ್ಕ್ ಹಾಕದಿದ್ರೆ ನಮಗೆ ಗೊತ್ತಾಗುದು ಹೇಗೆ?" ಅಂತ ಕೇಳಿದರು. ಕೂತು ಮಗಳ ಪತ್ರಿಕೆ ತೋರಿಸಿದೆ. ಭಿನ್ನರಾಶಿಯಲ್ಲಿ ಛೇದ ಮರೆಯುತ್ತಾಳೆ, ಬೇರೆಲ್ಲ ಸರಿ ಇದೆ ಅಂದೆ. ಮರುದಿನದಿಂದ ಮನೆಯಲ್ಲಿ ಅವಳ ಅಣ್ಣ ಅದನ್ನೇ ಹೇಳಿಕೊಡತೊಡಗಿದ.

ಎ, ಬಿ, ಸಿ ಪಟ್ಟಿ ಈಗಲೂ ಮಾಡಬೇಕು. ಮಾಡುತ್ತೇನೆ. ಆದರೆ ನನ್ನ ಪ್ರತಿಯಲ್ಲಿ ಪ್ರತಿ ಹೆಸರಿನ ಮುಂದೆ ಇನ್ನೊಂದು ಕಾಲಂ ಎಳೆದಿದ್ದೇನೆ. ಈ ಸಲ ಸಿ ಗುಂಪಿನಲ್ಲಿ ಒಂಬತ್ತು ಮಕ್ಕಳು. ಐವರ ಮುಂದೆ ಬರೆದದ್ದು ಒಂದೇ: "ಲೆಕ್ಕ ಬರುತ್ತದೆ, ಪ್ರಶ್ನೆಯ ಪದಗಳು ಗೊತ್ತಿಲ್ಲ."