ಕಾದ ಲಾಳ ಹಿಡಿದ ವೈದ್ಯ

ಪೋಲೆಂಡಿನ ಲೇಖಕ ಆಂಡ್ಜೆಯ್ ಸಪ್ಕೋವ್ಸ್ಕಿಯವರ ವಿಚರ್ ಕಾದಂಬರಿ ಸರಣಿಯನ್ನು ಇಂಗ್ಲಿಷ್ ಅನುವಾದದಲ್ಲಿ ಎರಡನೆಯ ಬಾರಿ ಓದಿ ಮುಗಿಸಿದ್ದೇನೆ. ಮೊದಲ ಓದಿನಲ್ಲಿ ನನ್ನ ಗಮನವೆಲ್ಲ ಕೂಲಿಗಾಗಿ ರಾಕ್ಷಸ ಜೀವಿಗಳನ್ನು ಕೊಲ್ಲುವ ಗೆರಾಲ್ಟ್‌ನ ಮೇಲೆ, ಅವನು ಹುಡುಕಿಕೊಂಡು ಹೊರಟ ಸಿರಿ ಎಂಬ ಹುಡುಗಿಯ ಮೇಲೆ ಇತ್ತು. ಈ ಸಲ ಮನಸ್ಸು ಮತ್ತೆ ಮತ್ತೆ ಹೋಗಿ ನಿಂತದ್ದು 1996ರಲ್ಲಿ ಪೋಲಿಷ್ ಭಾಷೆಯಲ್ಲಿ ಹೊರಬಂದ ‘ಬ್ಯಾಪ್ಟಿಸಮ್ ಆಫ್ ಫೈರ್’ ಸಂಪುಟದ ಎಮಿಯೆಲ್ ರೆಗಿಸ್ ಎಂಬ ವೈದ್ಯನ ಬಳಿ. ಅವನ ಒಳ್ಳೆಯತನದ ಬಗ್ಗೆ ಬರೆಯಬೇಕೆಂದರೆ ಕಥೆಯ ಕೊನೆಯನ್ನೂ ಹೇಳದೆ ವಿಧಿಯಿಲ್ಲ. ಸರಣಿಯನ್ನು ಇನ್ನೂ ಓದದವರು ಇದನ್ನು ತಿಳಿದೇ ಮುಂದುವರಿಯಬೇಕೆಂದು ಕೋರುತ್ತೇನೆ.

ದಕ್ಷಿಣದ ನಿಲ್ಫ್‌ಗಾರ್ಡ್ ಸಾಮ್ರಾಜ್ಯವು ಉತ್ತರದ ರಾಜ್ಯಗಳ ಮೇಲೆ ದಂಡೆತ್ತಿ ಬಂದಿರುವ ಕಾಲವದು. ಊರುಗಳು ಉರಿಯುತ್ತಿವೆ, ಜನ ಗಾಡಿಗಳಲ್ಲಿ ಮಕ್ಕಳುಮರಿಗಳನ್ನು ಹೇರಿಕೊಂಡು ದಿಕ್ಕು ತೋಚದೆ ಅಲೆಯುತ್ತಿದ್ದಾರೆ, ಎರಡೂ ಕಡೆಯ ಸೈನಿಕರು ಒಂದೇ ಬಗೆಯ ಕ್ರೌರ್ಯವನ್ನು ಮೆರೆಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಗೆರಾಲ್ಟ್‌ನ ಗುಂಪಿಗೆ ಎಲ್ಫ್ ಜನಾಂಗದ ಹಳೆಯ ಸ್ಮಶಾನವೊಂದರಲ್ಲಿ ಗಿಡಮೂಲಿಕೆ ಸಂಗ್ರಹಿಸುತ್ತಿರುವ, ಮೆಲುದನಿಯ, ನಗುವಾಗಲೂ ತುಟಿ ತೆರೆಯದ ನಡುವಯಸ್ಸಿನ ವ್ಯಕ್ತಿಯೊಬ್ಬ ಎದುರಾಗುತ್ತಾನೆ. ತಾನು ಡಿಲಿಂಗೆನ್ ಪಟ್ಟಣದ ಕ್ಷೌರಿಕ-ಶಸ್ತ್ರವೈದ್ಯನೆಂದು ಹೇಳಿಕೊಳ್ಳುವ ಅವನು ಮ್ಯಾಂಡ್ರೇಕ್ ಬೇರಿನಿಂದ ತಾನೇ ಬಟ್ಟಿ ಇಳಿಸಿದ ಮದ್ಯವನ್ನು ಅಪರಿಚಿತರೊಂದಿಗೆ ಹಂಚಿಕೊಳ್ಳುತ್ತಾನೆ. ಅವನು ರಕ್ತಪಿಶಾಚಿ ಎಂಬುದು ಗುಂಪಿಗೂ ಓದುಗರಿಗೂ ಆಮೇಲೆ ತಿಳಿಯುತ್ತದೆ.

ಲೇಖಕರು ಅವನಿಗೆ ಈ ವೃತ್ತಿಯನ್ನೇ ಕೊಟ್ಟದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ಕ್ಷೌರಿಕರೇ ಹಲ್ಲು ಕೀಳುತ್ತಿದ್ದರು, ಕುರು ಕೊಯ್ಯುತ್ತಿದ್ದರು, ಯುದ್ಧದಲ್ಲಿ ಕೈಕಾಲು ಕತ್ತರಿಸುತ್ತಿದ್ದರು. ಲಂಡನ್ನಿನಲ್ಲಿ 1540ರಲ್ಲಿ ಒಂದೇ ಸಂಘವಾಗಿದ್ದ ಕ್ಷೌರಿಕರು ಮತ್ತು ಶಸ್ತ್ರವೈದ್ಯರು ಬೇರೆಬೇರೆಯಾದದ್ದು 1745ರಲ್ಲಿ. ಕನ್ನಡ ನಾಡಿನ ಹಲವು ಹಳ್ಳಿಗಳಲ್ಲೂ ಕ್ಷೌರದ ಮನೆತನದ ಗಂಡಸರು ಗಾಯ ಕಟ್ಟುತ್ತಿದ್ದರು, ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು. ಆದರೆ ಯುರೋಪಿನ ಆ ವೃತ್ತಿಯ ಮುಖ್ಯ ಚಿಕಿತ್ಸೆಗಳಲ್ಲಿ ಒಂದು, ರೋಗಿಯ ರಕ್ತನಾಳವನ್ನು ಸೀಳಿ ರಕ್ತ ಹರಿಸುವುದು. ರಕ್ತದ ಚಟವನ್ನು ಗೆದ್ದು ಬಂದ ಒಬ್ಬನು ದಿನವೂ ಬಟ್ಟಲು ತುಂಬ ರಕ್ತ ಹಿಡಿಯುವ ಕೆಲಸವನ್ನೇ ಆರಿಸಿಕೊಂಡಿದ್ದಾನೆಂದರೆ, ಅವನ ಸಂಯಮ ಎಷ್ಟು ಹತ್ತಿರದಿಂದ ಪರೀಕ್ಷೆಗೊಳಗಾಗುತ್ತಿದೆ ಎಂಬುದನ್ನು ನಾವು ಊಹಿಸಿಕೊಳ್ಳಬೇಕು.

ಚಟ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಈ ಸರಣಿಯಲ್ಲಿ ರೆಗಿಸ್‌ನ ಕುಲದವರಿಗೆ ರಕ್ತವು ಆಹಾರವಲ್ಲ, ಮನುಷ್ಯರಿಗೆ ಮದ್ಯವಿದ್ದ ಹಾಗೆ. ಹರೆಯದಲ್ಲಿ ಅವನು ಗೆಳೆಯರ ಜೊತೆ ಸೇರಿ ಮಿತಿಯಿಲ್ಲದೆ ಕುಡಿದು ಹಾಳಾಗಿದ್ದವನು. ಅಂಥ ಅಮಲಿನಲ್ಲೇ ಒಮ್ಮೆ ಹಳ್ಳಿಗರ ಕೈಗೆ ಸಿಕ್ಕಿಬಿದ್ದಾಗ ಅವರು ಅವನ ತಲೆ ಕಡಿದು, ಗೂಟ ಬಡಿದು, ಹೂತುಬಿಟ್ಟರು; ಮಣ್ಣಿನೊಳಗೆ ಅವನ ದೇಹ ಮತ್ತೆ ಕೂಡಿಕೊಳ್ಳಲು ಸುಮಾರು 50 ವರ್ಷ ಹಿಡಿಯಿತು. ಮೇಲೆದ್ದವನು ಆ ಹಳ್ಳಿಯ ಮೇಲೆ ಸೇಡು ತೀರಿಸಿಕೊಳ್ಳಬಹುದಾಗಿತ್ತು. ಅವನು ರಕ್ತವನ್ನು ಬಿಟ್ಟ, ಮನುಷ್ಯರ ನಡುವೆಯೇ ಮನೆ ಮಾಡಿದ, ಅವರ ಹುಣ್ಣು ತೊಳೆಯುವ ವಿದ್ಯೆ ಕಲಿತ. ತನ್ನನ್ನು ಕೊಂದವರ ಭಯವನ್ನು ಅವನು ಅರ್ಥಮಾಡಿಕೊಂಡಿದ್ದಾನೆ. ತನ್ನ ಹಿಂದಿನ ನಡತೆಗೆ ಅವನು ಯಾವ ನೆಪವನ್ನೂ ಹೇಳುವುದಿಲ್ಲ. ಹುಟ್ಟಿನಿಂದಲೇ ಮೃದುವಾದ ಮನಸ್ಸುಳ್ಳವರ ಕರುಣೆಯ ಬಗ್ಗೆ ನನಗೆ ಗೌರವವಿದೆ, ಆದರೆ ತನ್ನೊಳಗಿನ ಹಸಿವನ್ನು ಪ್ರತಿ ಬೆಳಿಗ್ಗೆ ಮತ್ತೆ ನಿರಾಕರಿಸಿ ರೋಗಿಯ ಪಕ್ಕ ಕುಳಿತುಕೊಳ್ಳುವವನ ಕರುಣೆಯನ್ನು ನಾನು ಹೆಚ್ಚು ನಂಬುತ್ತೇನೆ.

ಈ ಸಂಪುಟದಲ್ಲಿ ನಾನು ಅತಿ ಹೆಚ್ಚು ಸಲ ಓದಿದ ಭಾಗವೆಂದರೆ ನಿರಾಶ್ರಿತರ ಬಿಡಾರದ ಪ್ರಸಂಗ. ಬುದ್ಧಿ ಬೆಳೆಯದ ಒಬ್ಬ ಹುಡುಗಿಯ ಮೇಲೆ ಪುರೋಹಿತನೊಬ್ಬ ಮಾಟಗಾತಿಯೆಂಬ ಆರೋಪ ಹೊರಿಸಿದ್ದಾನೆ. ಮನೆಮಠ ಕಳೆದುಕೊಂಡು ಕಂಗೆಟ್ಟ ಜನಕ್ಕೆ ತಮ್ಮ ದುಃಖಕ್ಕೆ ಕಾರಣವೊಂದು ಬೇಕಾಗಿದೆ. ಗೆರಾಲ್ಟ್ ಮತ್ತು ಅವನ ಸಂಗಡಿಗರು ಅಡ್ಡ ಬಂದಾಗ ಕತ್ತಿಗಳು ಹೊರಬರುವುದೊಂದೇ ಬಾಕಿ ಇರುತ್ತದೆ. ಆಗ ರೆಗಿಸ್ ಅಗ್ನಿಪರೀಕ್ಷೆಯ ಮಾತನ್ನೆತ್ತಿ, ಕೆಂಡದಲ್ಲಿ ಕೆಂಪಗೆ ಕಾದ ಕುದುರೆ ಲಾಳವನ್ನು ತನ್ನ ಬರಿಗೈಯಿಂದ ತೆಗೆದು ತೋರಿಸುತ್ತಾನೆ. ಕೈ ಸುಟ್ಟಿಲ್ಲ, ಆದ್ದರಿಂದ ಹುಡುಗಿ ನಿರ್ದೋಷಿ. ಗುಂಪು ಚದುರುತ್ತದೆ, ಯಾರ ರಕ್ತವೂ ಹರಿಯುವುದಿಲ್ಲ.

ಮೊದಲ ಸಲ ಓದಿದಾಗ ಇದು ನನಗೆ ಜಾಣತನದಂತೆ ಕಂಡಿತ್ತು: ಬೆಂಕಿ ತಾಗದ ಮೈಯವನಿಗೆ ಬೆಂಕಿಗೆ ಕೈ ಹಾಕುವುದು ತ್ಯಾಗ ಹೇಗಾದೀತು? ಎರಡನೆಯ ಓದಿನಲ್ಲಿ ನನ್ನ ತಪ್ಪು ತಿಳಿಯಿತು. ಅವನು ಪಣಕ್ಕಿಟ್ಟದ್ದು ತನ್ನ ಗುಟ್ಟನ್ನು. ಪಕ್ಕದಲ್ಲಿ ನಿಂತು ನೋಡುತ್ತಿರುವವನು ಇಂಥ ಜೀವಿಗಳನ್ನು ಗುರುತಿಸಿ ಕೊಲ್ಲುವುದನ್ನೇ ವೃತ್ತಿಯಾಗಿಸಿಕೊಂಡ ಗೆರಾಲ್ಟ್. ಎಷ್ಟೋ ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದ ಶಾಂತ ಬದುಕು, ಹೆಸರು, ಅಂಗಡಿ ಎಲ್ಲವೂ ಆ ಒಂದು ಗಳಿಗೆಯಲ್ಲಿ ಹೋಗಬಹುದು. ಹುಡುಗಿ ಅವನಿಗೆ ಏನೂ ಆಗಬೇಕಾದವಳಲ್ಲ, ಕೃತಜ್ಞತೆ ಹೇಳುವಷ್ಟು ತಿಳಿವಳಿಕೆಯೂ ಅವಳಿಗಿಲ್ಲ. ನಿರೀಕ್ಷಿಸಿದ್ದೇ ನಡೆಯುತ್ತದೆ: ಅವನು ಯಾರೆಂದು ತಿಳಿದ ಗೆರಾಲ್ಟ್ ಅವನನ್ನು ದೂರ ಮಾಡುತ್ತಾನೆ. ಮುಂದೆ ಗೆರಾಲ್ಟ್ ಸೈನಿಕರ ಸೆರೆಗೆ ಸಿಕ್ಕಾಗ ಬಿಡಿಸಲು ಬರುವವನೂ ರೆಗಿಸನೇ.

ಅವನಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗದ ನಡೆಯೂ ಒಂದಿದೆ. ಗುಂಪಿನ ಬಿಲ್ಲುಗಾರ್ತಿ ಮಿಲ್ವಾ ಬಸುರಾಗಿದ್ದಾಳೆ. ಗರ್ಭ ತೆಗೆಯುವ ಔಷಧಿಯನ್ನು ಅವಳು ರೆಗಿಸ್‌ನ ಬಳಿ ಕೇಳುತ್ತಾಳೆ. ಅವನು ಅವಳನ್ನು ಗದರುವುದಿಲ್ಲ, ಪಾಪಪುಣ್ಯದ ಉಪದೇಶ ಮಾಡುವುದಿಲ್ಲ, ಆದರೆ ವಿಷಯವನ್ನು ಜೊತೆಯ ಗಂಡಸರಿಗೆ ತಿಳಿಸುತ್ತಾನೆ. ಅಪಾಯದ ದಾರಿಯಲ್ಲಿ ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿರುವಾಗ ಅವರಿಗೆ ಗೊತ್ತಿರಬೇಕಾಗಿತ್ತು ಎಂದು ವಾದಿಸಬಹುದು. ಆದರೂ ರೋಗಿ ನಂಬಿ ಹೇಳಿದ ಮಾತು ವೈದ್ಯನ ಬಾಯಿಂದ ಹೊರಬಿತ್ತಲ್ಲ ಎಂಬ ಕಸಿವಿಸಿ ನನ್ನಲ್ಲಿ ಉಳಿದಿದೆ. ಮಗುವನ್ನು ಉಳಿಸಿಕೊಳ್ಳಲು ಮಿಲ್ವಾ ಮನಸ್ಸು ಮಾಡುತ್ತಾಳೆ. ಯಾರುಗಾ ನದಿಯ ಸೇತುವೆಯ ಮೇಲಿನ ಕಾದಾಟದಲ್ಲಿ ಅದನ್ನು ಕಳೆದುಕೊಳ್ಳುತ್ತಾಳೆ, ಮತ್ತು ಆಗ ಅವಳ ಪಕ್ಕದಲ್ಲಿ ಇರುವವನು ಅದೇ ವೈದ್ಯ. ಅವನನ್ನು ದೋಷವಿಲ್ಲದ ಸಂತನನ್ನಾಗಿ ಮಾಡದೆ ಲೇಖಕರು ಹೀಗೆ ಬಿಟ್ಟದ್ದರಿಂದಲೇ ಅವನು ನನಗೆ ಹತ್ತಿರದವನಾಗಿದ್ದಾನೆ.

1999ರ ‘ದಿ ಲೇಡಿ ಆಫ್ ದಿ ಲೇಕ್’ ಸಂಪುಟದಲ್ಲಿ, ಸ್ಟಿಗ್ಗಾ ಕೋಟೆಯೊಳಗೆ ಗೆಳೆಯನನ್ನು ಉಳಿಸಲು ಮಾಂತ್ರಿಕ ವಿಲ್ಗೆಫೋರ್ಟ್ಸ್‌ನ ಮೇಲೆ ಎರಗಿದ ರೆಗಿಸ್ ಆ ಮಾಂತ್ರಿಕನ ಬೆಂಕಿಯಲ್ಲಿ ಕಂಬಕ್ಕೆ ಕರಗಿಹೋಗುತ್ತಾನೆ. ಈ ಕಾದಂಬರಿಗಳನ್ನು ಆಧರಿಸಿದ, 2016ರ ‘ಬ್ಲಡ್ ಅಂಡ್ ವೈನ್’ ಎಂಬ ವಿಡಿಯೋ ಆಟದಲ್ಲಿ ಅವನನ್ನು ಮರಳಿ ಬದುಕಿಸಿದ್ದಾರೆ. ಅವನ ಮಾತನ್ನು ಮತ್ತೆ ಕೇಳಿದ್ದು ನನಗೆ ಸಂತೋಷವನ್ನೇ ಕೊಟ್ಟಿತು, ಆದರೂ ನನ್ನ ಮಟ್ಟಿಗೆ ಅವನು ಆ ಕಂಬದಲ್ಲೇ ಇದ್ದಾನೆ.

ಅದೇ ಕೊನೆಯ ಸಂಪುಟದಲ್ಲಿ ಬ್ರೆನ್ನಾ ಯುದ್ಧದ ವರ್ಣನೆಯ ನಡುವೆ ಒಂದು ಗುಡಾರದ ಆಸ್ಪತ್ರೆ ಬರುತ್ತದೆ, ಅದರ ಮುಖ್ಯಸ್ಥ ರಸ್ಟಿ ಎಂದು ಕರೆಸಿಕೊಳ್ಳುವ ಮಿಲೋ ವಾಂಡರ್‌ಬೆಕ್. ಅವನು ಹಾಫ್ಲಿಂಗ್ ಎಂಬ ಕುಳ್ಳ ಜನಾಂಗದವನು, ಅಂದರೆ ಆ ಲೋಕದ ಮನುಷ್ಯರು ಶಾಂತಿಯ ದಿನಗಳಲ್ಲಿ ಕೀಳಾಗಿ ಕಾಣುವವರಲ್ಲಿ ಒಬ್ಬ. ರೆಗಿಸ್‌ನಂತೆ ಅವನಿಗೆ ಸಾವಿನಿಂದ ಎದ್ದುಬರುವ ಶಕ್ತಿಯಿಲ್ಲ. ಇರುವುದು ಚಾಕು, ಸೂಜಿ, ದಾರ ಮತ್ತು ಜೊತೆಗೆ ದುಡಿಯುವ ಕೆಲವರು: ವೈದ್ಯ ವಿದ್ಯಾರ್ಥಿನಿ ಶಾನಿ, ಮಾಂತ್ರಿಕ ಚಿಕಿತ್ಸಕಿ ಮಾರ್ಟಿ, ಮೆಲಿಟೆಲೆ ದೇವಿಯ ಗುಡಿಯಿಂದ ಬಂದ ಇಯೋಲಾ. ಹೊರಗೆ ಸಾವಿರಾರು ಜನ ಪರಸ್ಪರ ಕಡಿದಾಡುತ್ತಿರುವಾಗ ಈ ನಾಲ್ವರು ಒಬ್ಬೊಬ್ಬರನ್ನೇ ಮೇಜಿನ ಮೇಲೆ ಮಲಗಿಸಿಕೊಂಡು ಹೊಲಿಯುತ್ತಾರೆ. ಶಾನಿ ಮುಂದೆ ಆಕ್ಸೆನ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿಭಾಗದ ಮುಖ್ಯಸ್ಥೆಯಾಗಿ ದೀರ್ಘಕಾಲ ಬಾಳುತ್ತಾಳೆ.

ಯುದ್ಧ ಮುಗಿದ ಮೇಲೆ ಕಾಟ್ರಿಯೋನಾ ಎಂಬ ಮಹಾಮಾರಿ ಬರುತ್ತದೆ. ಮದ್ದಿಲ್ಲದ ಆ ರೋಗಕ್ಕೆ ಹೆದರಿ ಉಳಿದವರು ಓಡಿಹೋದಾಗಲೂ ರಸ್ಟಿ ಮತ್ತು ಇಯೋಲಾ ರೋಗಿಗಳನ್ನು ಬಿಟ್ಟು ಕದಲುವುದಿಲ್ಲ, ಇಬ್ಬರಿಗೂ ಸೋಂಕು ತಗಲುತ್ತದೆ. ಲೇಖಕರು ಇದಕ್ಕೆ ಕೆಲವೇ ಸಾಲುಗಳನ್ನು ಕೊಟ್ಟಿದ್ದಾರೆ. ಅವನು ಇಯೋಲಾಳ ಒರಟಾದ, ಹಳ್ಳಿಯ ದುಡಿಮೆಗೆ ಹೇಳಿಮಾಡಿಸಿದಂಥ ದೊಡ್ಡ ಕೈಗಳಲ್ಲಿ ಕಣ್ಣು ಮುಚ್ಚುತ್ತಾನೆ. ನಾಲ್ಕು ದಿನಗಳ ನಂತರ ಅವಳೂ ಸಾಯುತ್ತಾಳೆ, ಆಗ ಅವಳ ಕೈ ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.